ಬಿಡುಗಡೆಯ ಮರುದಿನ

2025ರ ಜುಲೈ 24ರಂದು ಬನ್ನೇರುಘಟ್ಟ ಜೈವಿಕ ಉದ್ಯಾನದ ನಾಲ್ಕು ಆನೆಗಳು, ಅಂದರೆ ಸುರೇಶ, ಗೌರಿ, ಶ್ರುತಿ ಮತ್ತು ತುಳಸಿ, ವಿಮಾನವೇರಿ ಜಪಾನಿನ ಹಿಮೇಜಿ ಸೆಂಟ್ರಲ್ ಪಾರ್ಕ್‌ಗೆ ಹೊರಟವು. ಈ ಪ್ರಾಣಿ ವಿನಿಮಯ ಒಪ್ಪಂದದ ಪ್ರಕಾರ ಬನ್ನೇರುಘಟ್ಟಕ್ಕೆ ಬರಬೇಕಾದ ಪ್ರಾಣಿಗಳ ಪಟ್ಟಿಯೂ ಆಗ ಪತ್ರಿಕೆಗಳಲ್ಲಿ ಪ್ರಕಟವಾಯಿತು: ಚೀತಾ, ಜಾಗ್ವಾರ್, ಪೂಮಾ, ಕ್ಯಾಪುಚಿನ್ ಕೋತಿ ಮತ್ತು ಚಿಂಪಾಂಜಿ. ಸುದ್ದಿ ಬಂದ ದಿನವೇ ಆಳಂದದಿಂದ ನನ್ನ ಸೋದರಳಿಯನ ಫೋನು ಬಂತು. ‘ಮಾಮಾ, ಬೆಂಗಳೂರಿಗಿ ಚಿಂಪಾಂಜಿ ಬರ್ಲತ್ತಾವಂತ. ಹುಡುಗರಿಗಿ ಕರ್ಕೊಂಡು ಬರ್ತೀನಿ, ನೋಡ್ಲಾಕ ಹೋಗಮ್ರಿ.’

ಅವನ ಸಂಭ್ರಮದಲ್ಲಿ ತಪ್ಪೇನೂ ಇಲ್ಲ. ಮನುಷ್ಯನಿಗೆ ಅತ್ಯಂತ ಹತ್ತಿರದ ಸಂಬಂಧಿಯನ್ನು ಕಣ್ಣಾರೆ ನೋಡುವ ಆಸೆ ಯಾರಿಗಿರುವುದಿಲ್ಲ? ಆದರೆ ಆ ದಿನಗಳಲ್ಲಿ ಓದಿದ ವರದಿಗಳಲ್ಲಿ ನನಗೊಂದು ಕೊರತೆ ಕಂಡಿತು. ಯಾವ ಪ್ರಾಣಿ ಬರುತ್ತದೆ, ಎಷ್ಟು ಬರುತ್ತವೆ, ಅದಕ್ಕೆ ಪ್ರತಿಯಾಗಿ ಏನು ಹೋಯಿತು ಎಂಬುದೆಲ್ಲ ಅವುಗಳಲ್ಲಿತ್ತು. ಬಂದ ಪ್ರಾಣಿ ಎಷ್ಟು ವರ್ಷ ಬದುಕುತ್ತದೆ, ಅಷ್ಟೂ ವರ್ಷ ಅದನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಇರಲಿಲ್ಲ. ಒಳ್ಳೆಯ ಆರೈಕೆ ದೊರೆತರೆ ಚಿಂಪಾಂಜಿ ಐವತ್ತು ವರ್ಷ ದಾಟಿ ಬದುಕಬಲ್ಲದು. ಇಂದು ಅದನ್ನು ನೋಡಲು ಹೋಗುವ ಹತ್ತು ವರ್ಷದ ಹುಡುಗ ತನ್ನ ಮೊಮ್ಮಗನ ಕೈ ಹಿಡಿದು ಅದೇ ಪ್ರಾಣಿಯನ್ನು ಮತ್ತೆ ನೋಡಲು ಹೋಗಬಹುದು. ಅಷ್ಟು ದೀರ್ಘವಾದ ಹೊಣೆ ಅದು.

ಈ ಹೊಣೆಯ ಅರ್ಥ ತಿಳಿಯಲು ಬಹಳ ದೂರ ಹೋಗಬೇಕಾಗಿಲ್ಲ. ಬನ್ನೇರುಘಟ್ಟದಲ್ಲಿಯೇ, ಸಫಾರಿಯ ಗದ್ದಲದಿಂದಾಚೆಗೆ, ಪ್ರವಾಸಿಗರಿಗೆ ಪ್ರದರ್ಶನವಿಲ್ಲದ ಒಂದು ಜಾಗವಿದೆ. ಅದು ಕರಡಿಗಳ ರಕ್ಷಣಾ ಕೇಂದ್ರ. ಅಲ್ಲಿನ ಎರಡು ದಶಕಗಳ ಅನುಭವಕ್ಕೂ ನನ್ನ ಸೀಮೆಯಾದ ಆಳಂದ, ಅಫಜಲಪುರ, ಜೇವರ್ಗಿಗಳ ನೆನಪಿಗೂ ನೇರ ಸಂಬಂಧವಿದೆ. ಆ ಕೇಂದ್ರದಂಥ ಆಶ್ರಯಗಳ ಅಗತ್ಯ ಹುಟ್ಟಿದ್ದು ನಾವು ಚಪ್ಪಾಳೆ ತಟ್ಟಿದ ಒಂದು ಆಟದಿಂದ.

ನನ್ನ ಬಾಲ್ಯದಲ್ಲಿ ಕರಡಿ ಆಡಿಸುವವರು ಬರುವುದಕ್ಕೆ ಒಂದು ಕಾಲವಿತ್ತು. ತೊಗರಿಯ ರಾಶಿ ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಅವರು ಕಾಣಿಸಿಕೊಳ್ಳುತ್ತಿದ್ದರು. ಗಾಣಗಾಪುರದ ದತ್ತನ ಸನ್ನಿಧಿಗೆ ಹೋಗುವ ದಾರಿ, ಘತ್ತರಗಿಯ ಭಾಗಮ್ಮನ ಜಾತ್ರೆ, ಆಳಂದದ ಲಾಡ್ಲೇ ಮಶಾಕ ದರ್ಗಾದ ಉರುಸು, ಜೇವರ್ಗಿಯ ಸಂತೆ: ಜನ ಸೇರುವಲ್ಲೆಲ್ಲ ಡಮರುಗದ ಸದ್ದು ಕೇಳುತ್ತಿತ್ತು. ದಖನಿ ಮಾತಾಡುವ, ತಲೆಗೆ ವಸ್ತ್ರ ಸುತ್ತಿದ ಖಲಂದರನೊಬ್ಬ ಹಗ್ಗ ಎಳೆದನೆಂದರೆ ಕರಡಿ ಎರಡು ಕಾಲಿನ ಮೇಲೆ ಎದ್ದು ನಿಲ್ಲುತ್ತಿತ್ತು. ಸಲಾಮು ಮಾಡುತ್ತಿತ್ತು. ಕುಸ್ತಿಯ ಪಟ್ಟು ಹಾಕುತ್ತಿತ್ತು. ಹೆದರುವ ಮಕ್ಕಳ ಕೊರಳಿಗೆ ಕರಡಿಯ ಕೂದಲಿನ ತಾಯತ ಕಟ್ಟಿಸುವುದು ನಮ್ಮ ಮನೆಗಳಲ್ಲಿ ಜಾತಿ ಮತದ ಭೇದವಿಲ್ಲದೆ ನಡೆದುಕೊಂಡು ಬಂದ ರೂಢಿ. ನನ್ನ ಅಜ್ಜಿ (ನಾವು ಆಯಿ ಎನ್ನುತ್ತಿದ್ದೆವು) ನನ್ನನ್ನು ಎತ್ತಿ ಕರಡಿಯ ಬೆನ್ನಿನ ಮೇಲೆ ಕೂರಿಸಿದ್ದಳು. ರಾತ್ರಿ ಬೆಚ್ಚಿ ಬೀಳುವ ಹುಡುಗನ ಭಯ ಕರಡಿಯ ಬೆನ್ನೇರಿದರೆ ಹೋಗುತ್ತದೆಂಬುದು ಆಕೆಯ ನಂಬಿಕೆ. ಹಿಡಿದರೆ ಅಂಗೈಗೆ ಚುಚ್ಚುವ ಆ ಒರಟು ಕೂದಲು ನನಗೆ ಇಂದಿಗೂ ನೆನಪಿದೆ.

ಆಗ ಗೊತ್ತಿಲ್ಲದಿದ್ದ ಒಂದು ಸಂಗತಿಯನ್ನು ಬಹಳ ವರ್ಷಗಳ ನಂತರ ಓದಿ ತಿಳಿದೆ. ತಾಯಿ ಕರಡಿ ತನ್ನ ಮರಿಗಳನ್ನು ಬೆನ್ನಿನ ಮೇಲೆ ಹೊತ್ತು ತಿರುಗುತ್ತದೆ. ಜಗತ್ತಿನ ಬೇರೆ ಕರಡಿಗಳಲ್ಲಿ ವಿರಳವಾದ ಈ ಪದ್ಧತಿ ನಮ್ಮ ನಾಡಿನ ಕರಡಿಯ ವೈಶಿಷ್ಟ್ಯ. ಅದರ ಬೆನ್ನಿನ ಉದ್ದ ಕೂದಲು ಮರಿಗಳಿಗೆ ಹಿಡಿತ. ಅಂದರೆ ಆಯಿ ನನ್ನನ್ನು ಕೂರಿಸಿದ್ದು ಮರಿಯೊಂದು ಕೂರಬೇಕಾಗಿದ್ದ ಜಾಗದಲ್ಲಿ.

ಆ ಕರಡಿ ನಮ್ಮೂರಿಗೆ ಬಂದದ್ದು ಹೇಗೆ ಎಂಬುದನ್ನು ನೇರವಾಗಿಯೇ ಹೇಳಬೇಕು. ಕೆಲವೇ ವಾರಗಳ ಅಥವಾ ತಿಂಗಳುಗಳ ಮರಿಯನ್ನು ಕಾಡಿನ ಗುಹೆಯಿಂದ ಕದಿಯುತ್ತಿದ್ದರು. ಅದಕ್ಕಾಗಿ ಹಲವು ಸಲ ತಾಯಿಯನ್ನು ಕೊಲ್ಲುತ್ತಿದ್ದರು. ಮರಿ ಸ್ವಲ್ಪ ಬೆಳೆಯುತ್ತಿದ್ದಂತೆ ಕಾಯಿಸಿದ ಕಬ್ಬಿಣದ ಸರಳಿನಿಂದ ಮೂತಿಯನ್ನು ಚುಚ್ಚಿ ಹಗ್ಗ ಪೋಣಿಸುತ್ತಿದ್ದರು. ಕೋರೆಹಲ್ಲುಗಳನ್ನು ಮುರಿಯುತ್ತಿದ್ದರು, ಉಗುರು ಕತ್ತರಿಸುತ್ತಿದ್ದರು. ಕರಡಿ ಬದುಕುವುದೇ ಮೂತಿಯಿಂದ. ಮೇಲ್ದವಡೆಯ ಮುಂಭಾಗದಲ್ಲಿ ಎರಡು ಹಲ್ಲುಗಳಿಲ್ಲದ ಸಂದಿನಿಂದ ಗೆದ್ದಲು, ಇರುವೆಗಳನ್ನು ಹೀರಿಕೊಳ್ಳುವ ಪ್ರಾಣಿ ಅದು. ಮೂಸಿ ನೋಡಿಯೇ ಲೋಕವನ್ನು ಅರಿಯುವ ಪ್ರಾಣಿ. ಅಂಥ ಅಂಗದಲ್ಲಿಯೇ ಆರದ ಗಾಯ ಉಳಿಯುತ್ತಿತ್ತು. ನಾವು ನೃತ್ಯವೆಂದು ಕರೆದದ್ದು ಆ ಗಾಯದ ಹಗ್ಗ ಎಳೆದಾಗ ನೋವಿನಿಂದ ತಪ್ಪಿಸಿಕೊಳ್ಳಲು ಅದು ಮೇಲೇಳುತ್ತಿದ್ದ ಭಂಗಿಯನ್ನು.

ಕಾನೂನು ಇರಲಿಲ್ಲವೇ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇತ್ತು. 1998ರಲ್ಲಿ ಕೇಂದ್ರ ಸರ್ಕಾರವು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಧಿಸೂಚನೆ ಹೊರಡಿಸಿ, ಕರಡಿ, ಕೋತಿ, ಹುಲಿ, ಚಿರತೆ ಮತ್ತು ಸಿಂಹಗಳನ್ನು ಪ್ರದರ್ಶನಕ್ಕಾಗಿ ಪಳಗಿಸುವುದನ್ನೇ ನಿಷೇಧಿಸಿತು. ಸರ್ಕಸ್ ಮಾಲೀಕರು ಇದನ್ನು ಪ್ರಶ್ನಿಸಿದರು. 2001ರಲ್ಲಿ ಸುಪ್ರೀಂ ಕೋರ್ಟು ನಿಷೇಧವನ್ನು ಎತ್ತಿಹಿಡಿಯಿತು. ಆದರೂ ಕರಡಿಗಳು ರಸ್ತೆಯಲ್ಲಿ ಕುಣಿಯುತ್ತಲೇ ಇದ್ದವು. ಇದಕ್ಕೆ ಕಾರಣ ಎರಡು. ವಶಪಡಿಸಿಕೊಂಡ ಕರಡಿಯನ್ನು ಇಡುವುದೆಲ್ಲಿ ಎಂಬುದಕ್ಕೆ ಉತ್ತರವಿರಲಿಲ್ಲ. ಕರಡಿಯನ್ನು ಕಳೆದುಕೊಂಡ ಮನುಷ್ಯ ಉಣ್ಣುವುದೇನು ಎಂಬುದಕ್ಕೂ ಉತ್ತರವಿರಲಿಲ್ಲ. ಖಲಂದರರು ತಲೆಮಾರುಗಳಿಂದ ಭೂಮಿಯಿಲ್ಲದ, ಶಾಲೆಯ ಮುಖ ನೋಡದ ಅಲೆಮಾರಿಗಳು. ಅವರನ್ನು ಕ್ರೂರಿಗಳೆಂದು ಕರೆದು ಕೈತೊಳೆದುಕೊಳ್ಳುವುದು ನಮ್ಮಂಥ ಮಧ್ಯಮ ವರ್ಗದವರಿಗೆ ಬಹಳ ಸುಲಭ. ಕುಣಿತಕ್ಕೆ ನಾಲ್ಕಾಣೆ ಕೊಟ್ಟವರು ನಾವೇ ಎಂಬುದನ್ನು ಆಗ ಮರೆತಿರುತ್ತೇವೆ.

ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಕೈಹಾಕಿದ್ದು ಈ ಎರಡೂ ಪ್ರಶ್ನೆಗಳಿಗೆ. ಕಾರ್ತಿಕ್ ಸತ್ಯನಾರಾಯಣ ಮತ್ತು ಗೀತಾ ಶೇಷಮಣಿ 1995ರಲ್ಲಿ ಕಟ್ಟಿದ ಈ ಸಂಸ್ಥೆ, ಅರಣ್ಯ ಇಲಾಖೆಗಳ ಜೊತೆಗೂಡಿ 2002ರಲ್ಲಿ ಆಗ್ರಾದ ಬಳಿ ಮೊದಲ ಕೇಂದ್ರ ತೆರೆಯಿತು. ಮುಂದೆ ಬನ್ನೇರುಘಟ್ಟದಲ್ಲಿ ಕರ್ನಾಟಕ ಅರಣ್ಯ ಇಲಾಖೆಯ ಸಹಯೋಗದಲ್ಲಿ ಇನ್ನೊಂದು ಕೇಂದ್ರ ಬಂತು. ಕರಡಿಯನ್ನು ಒಪ್ಪಿಸಿದ ಖಲಂದರನಿಗೆ ಬೇರೆ ಕಸುಬು ಹಿಡಿಯಲು ಬಂಡವಾಳ, ಮಕ್ಕಳಿಗೆ ಶಾಲೆ, ಹೆಂಗಸರಿಗೆ ಹೊಲಿಗೆಯಂಥ ಕೆಲಸದ ತರಬೇತಿ. ಮತ್ತೆ ಕರಡಿ ಹಿಡಿಯುವುದಿಲ್ಲವೆಂಬ ಲಿಖಿತ ಒಪ್ಪಂದ. ಹೀಗೆ ಆರುನೂರಕ್ಕೂ ಹೆಚ್ಚು ಕರಡಿಗಳು ಹಗ್ಗದಿಂದ ಬಿಡುಗಡೆ ಹೊಂದಿದವು. 2009ರ ಡಿಸೆಂಬರಿನಲ್ಲಿ ರಾಜು ಎಂಬ ಕರಡಿಯನ್ನು ಒಪ್ಪಿಸಿದಾಗ ಅದನ್ನು ದೇಶದ ಕೊನೆಯ ಕುಣಿಯುವ ಕರಡಿಯೆಂದು ಘೋಷಿಸಲಾಯಿತು. ರಾಜು ಬಂದು ಸೇರಿದ್ದು ಬನ್ನೇರುಘಟ್ಟಕ್ಕೆ. ಶತಮಾನಗಳ ರೂಢಿಯೊಂದು ಕೊನೆಗೊಂಡದ್ದು ನಮ್ಮ ರಾಜಧಾನಿಯ ಅಂಚಿನಲ್ಲಿ ಎಂಬುದು ಕನ್ನಡಿಗರಲ್ಲಿ ಎಷ್ಟು ಜನಕ್ಕೆ ಗೊತ್ತು?

ಆದರೆ ಬಿಡುಗಡೆಯ ದಿನ ಒಂದೇ ದಿನ. ಫೋಟೋ ತೆಗೆಯುವವರು ಬರುತ್ತಾರೆ, ಹಗ್ಗ ಕತ್ತರಿಸುತ್ತಾರೆ, ಸುದ್ದಿಯಾಗುತ್ತದೆ. ನಿಜವಾದ ಕೆಲಸ ಆರಂಭವಾಗುವುದು ಮರುದಿನ.

ಬಂದ ಕರಡಿಗೆ ಅರಿವಳಿಕೆ ಕೊಟ್ಟು ಮೂತಿಯ ಹಗ್ಗ ತೆಗೆದು, ಕೊಳೆತ ಗಾಯವನ್ನು ಶುಚಿಗೊಳಿಸಬೇಕು. ಮುರಿದ ಹಲ್ಲಿನ ಬೇರು ಕೀವುಗಟ್ಟಿರುತ್ತದೆ, ಅದಕ್ಕೆ ಶಸ್ತ್ರಚಿಕಿತ್ಸೆ ಬೇಕು. ಜನರ ನಡುವೆ ಬೆಳೆದ ಕಾರಣ ಕ್ಷಯ ತಗುಲಿರಬಹುದು. ಆದ್ದರಿಂದ ಮೊದಲು ಪ್ರತ್ಯೇಕವಾಗಿ ಇಟ್ಟು ಪರೀಕ್ಷಿಸಬೇಕು. ಪೌಷ್ಟಿಕ ಆಹಾರವಿಲ್ಲದೆ, ಪೆಟ್ಟು ತಿಂದು ಕಣ್ಣು ಕಳೆದುಕೊಂಡವು ಎಷ್ಟೋ. ಇದೆಲ್ಲ ದೇಹದ ಮಾತು. ಮನಸ್ಸಿನ ಗಾಯ ಬೇರೆಯೇ ಇದೆ. ಹಗ್ಗ ಹೋದ ಮೇಲೂ ಇಂಥ ಕರಡಿಗಳು ನಿಂತಲ್ಲೇ ತೂಗುತ್ತಿರುತ್ತವೆ, ಗೂಟಕ್ಕೆ ಕಟ್ಟಿದಂತೆ ಅದೇ ಅಳತೆಯಲ್ಲಿ ಸುತ್ತುತ್ತಿರುತ್ತವೆ. ಹಗ್ಗವಿಲ್ಲವೆಂಬುದನ್ನು ಕರಡಿ ನಂಬಲು ತಿಂಗಳುಗಳು ಬೇಕು, ಕೆಲವಕ್ಕೆ ವರ್ಷಗಳೇ ಬೇಕು.

ಆಮೇಲಿನದು ದಿನಚರಿ. ಬೆಳಿಗ್ಗೆ ದೊಡ್ಡ ಪಾತ್ರೆಗಳಲ್ಲಿ ಧಾನ್ಯದ ಗಂಜಿ ಬೇಯಬೇಕು. ಹಲ್ಲಿಲ್ಲದ ಬಾಯಿಗೆ ಅದೇ ಆಧಾರ. ಕರಡಿಗಳು ಅಂಗಳಕ್ಕೆ ಹೋದ ಮೇಲೆ ರಾತ್ರಿ ಮಲಗಿದ ಗೂಡುಗಳನ್ನು ತೊಳೆಯಬೇಕು. ಯಾವುದು ಉಂಡಿಲ್ಲ, ಯಾವುದರ ಮಲ ಸರಿಯಿಲ್ಲ ಎಂದು ಬರೆದಿಡಬೇಕು. ನಡುಹಗಲಿಗೆ ಹಣ್ಣು, ಸಂಜೆ ಮತ್ತೆ ಗಂಜಿ. ಉಣಿಸಿದರಷ್ಟೇ ಸಾಲದು. ಕಾಡಿನಲ್ಲಿ ಕರಡಿ ಬಹುಪಾಲು ಹೊತ್ತನ್ನು ಆಹಾರ ಹುಡುಕುವುದರಲ್ಲೇ ಕಳೆಯುತ್ತದೆ. ಆ ಹುಡುಕಾಟ ಇಲ್ಲದಿದ್ದರೆ ಅದಕ್ಕೆ ಬದುಕೇ ಬೇಸರ. ಆದ್ದರಿಂದ ಮರದ ದಿಮ್ಮಿಯ ಬಿರುಕಿಗೆ ಜೇನು ಸವರುತ್ತಾರೆ, ಹಣ್ಣನ್ನು ಕಲ್ಲಿನ ಸಂದಿಯಲ್ಲಿ ಅಡಗಿಸಿಡುತ್ತಾರೆ, ಹತ್ತಲು ಅಟ್ಟಣಿಗೆ, ಮಲಗಲು ಜೋಲಿ, ಬೇಸಿಗೆಗೆ ನೀರಿನ ತೊಟ್ಟಿ ಮಾಡಿಕೊಡುತ್ತಾರೆ. ಕುರುಡು ಕರಡಿಗೆ ತನ್ನ ಪಾಲಕನ ದನಿಯೇ ದಾರಿ. ಭಾನುವಾರವಿಲ್ಲ, ಯುಗಾದಿಯಿಲ್ಲ, ಬಂದ್ ಇಲ್ಲ. ಈ ಕೆಲಸ ಮಾಡುವವರ ಹೆಸರು ಯಾವ ಫಲಕದ ಮೇಲೂ ಇರುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಕಾಡಿಗೇ ಬಿಟ್ಟುಬಿಡಬಹುದಲ್ಲ ಎಂದು ಕೇಳುವವರಿದ್ದಾರೆ. ಸಾಧ್ಯವಿಲ್ಲ. ಕರಡಿಯ ಮರಿ ಎರಡು ವರ್ಷಕ್ಕೂ ಹೆಚ್ಚು ಕಾಲ ತಾಯಿಯ ಜೊತೆಗಿದ್ದು ಬದುಕು ಕಲಿಯುತ್ತದೆ. ಆ ಪಾಠ ತಪ್ಪಿದ, ಹಲ್ಲು ಉಗುರು ಕಳೆದುಕೊಂಡ, ಮನುಷ್ಯನ ಹೆದರಿಕೆ ಬಿಟ್ಟ ಕರಡಿಯನ್ನು ದರೋಜಿಯ ಗುಡ್ಡಕ್ಕೆ ಬಿಟ್ಟರೆ ಅದು ಹಸಿವಿನಿಂದ ಸಾಯುತ್ತದೆ, ಇಲ್ಲವೇ ಊರೊಳಗೆ ಬಂದು ಸಾಯುತ್ತದೆ. ಹೀಗಾಗಿ ಅದರ ಆಯುಷ್ಯದ ಉದ್ದಕ್ಕೂ ಅದನ್ನು ಸಾಕುವುದೊಂದೇ ಮಾರ್ಗ. ರಕ್ಷಣೆಯಲ್ಲಿರುವ ಕರಡಿ ಮೂವತ್ತು ವರ್ಷದ ಹತ್ತಿರದವರೆಗೂ ಬದುಕುವುದುಂಟು. 2009ರ ಹೊತ್ತಿಗೆ ಎಳೆಯದಾಗಿ ಬಂದ ಕರಡಿಯೂ ಇಂದು ಮುಪ್ಪಿನ ಹೊಸ್ತಿಲಲ್ಲಿದೆ. ಮುಪ್ಪೆಂದರೆ ಪೊರೆ ಬಂದ ಕಣ್ಣು, ಸಂಧಿವಾತ, ಯಕೃತ್ತಿನ ಕಾಯಿಲೆ. ಸುದ್ದಿ ಮುಗಿದು ಹದಿನೈದು ವರ್ಷ ದಾಟಿದ ಮೇಲೆಯೇ ಖರ್ಚು ಏರುತ್ತದೆ. ಇದರ ಜೊತೆಗೆ ಹಂದಿಗೆಂದು ಒಡ್ಡಿದ ಉರುಲಿಗೆ ಸಿಕ್ಕಿ ಕಾಲು ಕಳೆದುಕೊಂಡ, ತಾಯಿಯಿಂದ ಬೇರ್ಪಟ್ಟ ಹೊಸ ಕರಡಿಗಳು ಬರುತ್ತಲೇ ಇರುತ್ತವೆ.

ಈಗ ಇದೇ ಲೆಕ್ಕವನ್ನು ಚಿಂಪಾಂಜಿಗೆ ಹಾಕಿ ನೋಡೋಣ. ಆಫ್ರಿಕದ ಹಲವು ದೇಶಗಳಲ್ಲಿ ಮಾಂಸಕ್ಕಾಗಿ ತಾಯಿಯನ್ನು ಕೊಂದು ಮರಿಯನ್ನು ಸಾಕುಪ್ರಾಣಿಯಾಗಿ ಮಾರುವ ದಂಧೆ ನಡೆದುಬಂದಿದೆ. ಕಥೆ ನಮ್ಮ ಕರಡಿಯದ್ದೇ, ಪ್ರಾಣಿ ಮಾತ್ರ ಬೇರೆ. ಅಂಥ ಅನಾಥ ಮರಿಗಳಿಗಾಗಿ ಜಾಂಬಿಯಾದ ಚಿಂಫುನ್ಶಿ, ಕಾಂಗೋದ ಚಿಂಪೂಂಗಾ, ಉಗಾಂಡದ ಅಂಗಾಂಬಾ ದ್ವೀಪ ಮುಂತಾದೆಡೆ ಆಶ್ರಯಧಾಮಗಳಿವೆ. ಚಿಂಪೂಂಗಾವನ್ನು 1992ರಲ್ಲಿ ಕಟ್ಟಿದ್ದು 2025ರ ಅಕ್ಟೋಬರಿನಲ್ಲಿ ನಿಧನರಾದ ಜೇನ್ ಗುಡಾಲ್ ಅವರ ಸಂಸ್ಥೆ. ಅಲ್ಲಿಯೂ ದಿನ ಆರಂಭವಾಗುವುದು ಎಣಿಕೆಯಿಂದ ಮತ್ತು ಊಟದಿಂದ. ಹೊಸದಾಗಿ ಬಂದ ಮರಿಯನ್ನು ಸುಮಾರು ಮೂರು ತಿಂಗಳು ಪ್ರತ್ಯೇಕವಾಗಿಡುತ್ತಾರೆ. ಮನುಷ್ಯನ ನೆಗಡಿ, ಕ್ಷಯಗಳು ಅದಕ್ಕೂ ಅಂಟುತ್ತವೆ. ತಾಯಿಯ ಮೈಗೆ ಅಂಟಿಕೊಂಡೇ ಬೆಳೆಯಬೇಕಾದ ಮರಿಗೆ ಆ ದಿನಗಳಲ್ಲಿ ಪಾಲಕಿಯ ಮೈಯೇ ಆಸರೆ. ಆಮೇಲೆ ಅದನ್ನು ಗುಂಪಿಗೆ ಸೇರಿಸಬೇಕು. ಇದೇ ಎಲ್ಲಕ್ಕಿಂತ ಸೂಕ್ಷ್ಮವಾದ ಕೆಲಸ. ಚಿಂಪಾಂಜಿಗಳಲ್ಲಿ ಯಜಮಾನಿಕೆ, ಸ್ನೇಹ, ದ್ವೇಷ, ಪಕ್ಷಾಂತರ ಎಲ್ಲವೂ ಇವೆ. ಗುಂಪು ಒಪ್ಪದಿದ್ದರೆ ಹೊಸದು ಜೀವಸಹಿತ ಉಳಿಯುವುದು ಕಷ್ಟ. ಈ ಧಾಮಗಳಲ್ಲಿ ಹೆಣ್ಣು ಚಿಂಪಾಂಜಿಗಳಿಗೆ ಸಂತಾನ ನಿಯಂತ್ರಣ ಸಾಮಾನ್ಯ. ಇಲ್ಲಿ ಹುಟ್ಟುವ ಪ್ರತಿ ಮರಿ, ನಾಳೆ ರಕ್ಷಣೆ ಬೇಡಿ ಬರುವ ಅನಾಥ ಮರಿಯ ಜಾಗವನ್ನು ಕಸಿಯುತ್ತದೆ ಎಂಬ ತಿಳಿವಳಿಕೆಯೇ ಇದಕ್ಕೆ ಕಾರಣ.

ಸಿಯೆರಾ ಲಿಯೋನ್ ದೇಶದ ಟಕುಗಾಮಾ ಧಾಮದ ಕಥೆ ನಮಗೆ ಇನ್ನೂ ಹತ್ತಿರದ್ದು. ಅದನ್ನು 1995ರಲ್ಲಿ ಕಟ್ಟಿದವರು ಶ್ರೀಲಂಕಾ ಮೂಲದ ಬಾಲಾ ಅಮರಶೇಖರನ್, ವೃತ್ತಿಯಿಂದ ಲೆಕ್ಕಪತ್ರದವರು. 1980ರ ದಶಕದ ಕೊನೆಯಲ್ಲಿ ರಸ್ತೆ ಬದಿಯಲ್ಲಿ ಮಾರಾಟಕ್ಕಿದ್ದ ಕಾಯಿಲೆಯ ಮರಿಯೊಂದನ್ನು ಕನಿಕರದಿಂದ ಇಪ್ಪತ್ತು ಡಾಲರಿಗೆ ಕೊಂಡರು. ಬ್ರೂನೋ ಎಂದು ಹೆಸರಿಟ್ಟರು. ಅದು ಬೆಳೆದು ಮನೆಯಲ್ಲಿ ಇರಿಸಿಕೊಳ್ಳಲಾಗದಂತಾದಾಗ ಸಮಸ್ಯೆಯ ಆಳ ಅರಿವಾಯಿತು. ಆ ಧಾಮ ಅಂತರ್ಯುದ್ಧವನ್ನು ದಾಟಿತು, ಎಬೋಲಾ ಸೋಂಕನ್ನು ದಾಟಿತು. ನೂರಕ್ಕೂ ಹೆಚ್ಚು ಚಿಂಪಾಂಜಿಗಳಿಗೆ ಪ್ರತಿದಿನ ಊಟ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಸುತ್ತಲಿನ ಅರಣ್ಯದ ಒತ್ತುವರಿಯನ್ನು ಪ್ರತಿಭಟಿಸಿ ಪ್ರವಾಸಿಗರಿಗೆ ಬಾಗಿಲು ಮುಚ್ಚಿತು. ಪ್ರವಾಸಿಗರಿಂದ ಬರುವ ಹಣ ಬೇಕೇ ಬೇಕು. ಆದರೂ ಪ್ರಾಣಿಯ ಹಿತಕ್ಕಾಗಿ ಅದನ್ನೇ ನಿಲ್ಲಿಸುವ ಧೈರ್ಯ ತೋರಿತು. ಆಶ್ರಯಧಾಮಕ್ಕೂ ಮೃಗಾಲಯಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ಆಶ್ರಯಧಾಮವನ್ನು ಕಟ್ಟುವುದು ಒಳಗಿರುವ ಪ್ರಾಣಿಗಾಗಿ, ಮೃಗಾಲಯವನ್ನು ಕಟ್ಟುವುದು ಹೊರಗೆ ನಿಂತು ನೋಡುವವರಿಗಾಗಿ.

ಮೃಗಾಲಯಗಳು ಬೇಡವೆಂದು ನಾನು ಹೇಳುತ್ತಿಲ್ಲ. 1892ರಲ್ಲಿ ಆರಂಭವಾದ ಮೈಸೂರು ಮೃಗಾಲಯ ಈ ನಾಡಿನ ಹೆಮ್ಮೆ. ಆದರೆ ಮೃಗಾಲಯಗಳು ಬಹುಮಟ್ಟಿಗೆ ಟಿಕೆಟ್ಟಿನ ಹಣದಿಂದ ನಡೆಯುತ್ತವೆ. 2020ರಲ್ಲಿ ಕೋವಿಡ್ ಕಾರಣ ಬಾಗಿಲು ಮುಚ್ಚಿದಾಗ ಪ್ರಾಣಿಗಳ ಮೇವಿಗಾಗಿ ಮೈಸೂರಿನಲ್ಲಿ ದಾನಿಗಳ ಮೊರೆ ಹೋಗಬೇಕಾಯಿತು. ಜನ ಉದಾರವಾಗಿ ಕೊಟ್ಟರು, ನಿಜ. ಆದರೆ ಜನ ಬಂದರೆ ಮಾತ್ರ ಹಣ ಎಂಬ ವ್ಯವಸ್ಥೆಯಲ್ಲಿ, ಜನರನ್ನು ಸೆಳೆಯಲು ಸದಾ ಹೊಸ ಪ್ರಾಣಿ ಬೇಕಾಗುತ್ತದೆ. ಆಗ ಆಕರ್ಷಣೆಗೆಂದು ತಂದ ಪ್ರಾಣಿಯ ಒಂಟಿತನ ಲೆಕ್ಕಕ್ಕೆ ಬರುವುದಿಲ್ಲ. ಮೈಸೂರಿನ ಗೊರಿಲ್ಲಾ ಪೋಲೋ ಜೊತೆಗಾತಿಯನ್ನು ಕಳೆದುಕೊಂಡು, ದೇಶದ ಏಕೈಕ ಗೊರಿಲ್ಲಾ ಎಂಬ ಖ್ಯಾತಿಯಲ್ಲಿ ವರ್ಷಗಟ್ಟಲೆ ಒಂಟಿಯಾಗಿ ಬದುಕಿ 2014ರಲ್ಲಿ ಸತ್ತಿತು. ನಮಗೆ ಅದು ದಾಖಲೆ, ಅದಕ್ಕೆ ಅದು ಶಿಕ್ಷೆ. 2021ರಲ್ಲಿ ಜರ್ಮನಿಯಿಂದ ಗೊರಿಲ್ಲಾಗಳು ಬಂದಾಗ ಎರಡು ಒಟ್ಟಿಗೆ ಬಂದವು ಎಂಬುದು ಸಮಾಧಾನದ ಸಂಗತಿ. ಚಿಂಪಾಂಜಿಯ ವಿಷಯದಲ್ಲಿಯೂ ನಾವು ಮೊದಲು ಕೇಳಬೇಕಾದುದು ಇದನ್ನೇ: ಅವು ಗುಂಪಾಗಿ ಬಾಳಬಲ್ಲವೇ?

ಈ ದೇಶಕ್ಕೆ ಚಿಂಪಾಂಜಿಗಳು ಬಂದಿರುವುದು ಒಪ್ಪಂದದ ದಾರಿಯಿಂದ ಮಾತ್ರವಲ್ಲ. 2019ರಲ್ಲಿ ಜಾರಿ ನಿರ್ದೇಶನಾಲಯವು ಕೋಲ್ಕತ್ತದಲ್ಲಿ ವನ್ಯಜೀವಿ ಕಳ್ಳಸಾಗಣೆಯ ಆರೋಪ ಎದುರಿಸುತ್ತಿದ್ದ ವ್ಯಕ್ತಿಯೊಬ್ಬನಿಗೆ ಸೇರಿದ ಮೂರು ಚಿಂಪಾಂಜಿಗಳನ್ನೂ ನಾಲ್ಕು ಮಾರ್ಮೊಸೆಟ್ ಕೋತಿಗಳನ್ನೂ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ಮುಟ್ಟುಗೋಲು ಹಾಕಿಕೊಂಡಿತು. ಒಂದೊಂದು ಚಿಂಪಾಂಜಿಗೆ 25 ಲಕ್ಷ ರೂಪಾಯಿ ಬೆಲೆ ಕಟ್ಟಲಾಯಿತು. ಅವು ಆಲಿಪುರ ಮೃಗಾಲಯ ಸೇರಿದವು. ಮನೆ, ಕಾರು, ಬ್ಯಾಂಕ್ ಠೇವಣಿಯ ಸಾಲಿನಲ್ಲಿ ಚಿಂಪಾಂಜಿ! ವಿದೇಶಿ ಪ್ರಾಣಿ ಸಾಕುವವರು ಅವನ್ನು ನೋಂದಾಯಿಸಬೇಕೆಂದು 2022ರ ತಿದ್ದುಪಡಿಯೂ 2024ರ ನಿಯಮಗಳೂ ಹೇಳುತ್ತವೆ. ಇದು ಒಳ್ಳೆಯದೇ. ಆದರೆ ವಶಪಡಿಸಿಕೊಂಡ ಪ್ರಾಣಿಯನ್ನು ಇಡುವುದೆಲ್ಲಿ ಎಂಬ, 1998ರಲ್ಲಿ ಕರಡಿಗಳ ವಿಷಯದಲ್ಲಿ ಎದುರಾದ ಪ್ರಶ್ನೆ ಹೋದಲ್ಲಿ ಬಂದಲ್ಲಿ ಎದುರಾಗುತ್ತಲೇ ಇದೆ.

ಪ್ರೀತಿಯೊಂದೇ ಸಾಲದು ಎಂಬುದಕ್ಕೂ, ಕಾನೂನೊಂದೇ ಸಾಲದು ಎಂಬುದಕ್ಕೂ ನಮ್ಮ ಗಡಿಯಲ್ಲಿಯೇ 2025ರ ಜುಲೈನಲ್ಲಿ ನಡೆದ ಪ್ರಸಂಗ ಸಾಕ್ಷಿ. ಕೊಲ್ಹಾಪುರ ಜಿಲ್ಲೆಯ ನಾಂದಣಿ ಜೈನ ಮಠದಲ್ಲಿ ಮೂರು ದಶಕಗಳಿಂದ ಇದ್ದ ಹೆಣ್ಣಾನೆ ಮಾಧುರಿಯನ್ನು ಬಾಂಬೆ ಹೈಕೋರ್ಟಿನ ಆದೇಶದಂತೆ ಜಾಮನಗರದ ವನತಾರಾ ಕೇಂದ್ರಕ್ಕೆ ಸಾಗಿಸಲಾಯಿತು. ಸುಪ್ರೀಂ ಕೋರ್ಟು ಈ ಆದೇಶವನ್ನು ಎತ್ತಿಹಿಡಿದಿತ್ತು. ಆನೆಯ ಕಾಲು, ಉಗುರುಗಳ ಸ್ಥಿತಿ ಚೆನ್ನಾಗಿಲ್ಲ, ಅದು ಒಂಟಿಯಾಗಿದೆ ಎಂಬುದು ಒಂದು ವಾದ. ಅದು ತಮ್ಮ ಮನೆಯ ಮಗಳು ಎಂಬುದು ಭಕ್ತರ ವಾದ. ಊರಿಗೆ ಊರೇ ಬೀದಿಗಿಳಿಯಿತು. ಕೊನೆಗೆ ನಾಂದಣಿಯ ಬಳಿಯೇ ಆನೆಗೊಂದು ಪುನರ್ವಸತಿ ಕೇಂದ್ರ ಕಟ್ಟುವ ಪ್ರಸ್ತಾಪ ಬಂತು. ಭಕ್ತರ ಕಣ್ಣೀರು ಸುಳ್ಳಲ್ಲ, ಆನೆಯ ಕಾಲಿನ ಹುಣ್ಣೂ ಸುಳ್ಳಲ್ಲ. ಖಲಂದರರ ವಿಷಯದಲ್ಲಿ ಆದಂತೆ ಮೊದಲೇ ಜನರೊಂದಿಗೆ ಕುಳಿತು ಮಾತಾಡಿದ್ದರೆ ಅಷ್ಟು ಕಹಿ ಬೇಕಾಗಿರಲಿಲ್ಲ.

ಇನ್ನು ನಮ್ಮ ಉತ್ತರ ಕರ್ನಾಟಕದ ಮಾತು. 2025ರ ನವೆಂಬರಿನಲ್ಲಿ ಬೆಳಗಾವಿಯ ಹತ್ತಿರದ ಭೂತರಾಮನಹಟ್ಟಿಯಲ್ಲಿರುವ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ 31 ಕೃಷ್ಣಮೃಗಗಳು ಸತ್ತವು. ಕಾರಣ ಗಳಲೆ ರೋಗ. ಅಫಜಲಪುರದ ಎಮ್ಮೆ ಸಾಕುವ ಯಾವ ಹೆಣ್ಣುಮಗಳನ್ನು ಕೇಳಿದರೂ ಈ ರೋಗದ ಹೆಸರು ಹೇಳುತ್ತಾಳೆ. ಮಳೆಗಾಲಕ್ಕೆ ಮುಂಚೆ ಲಸಿಕೆ ಹಾಕಿಸುತ್ತಾಳೆ. ಕೃಷ್ಣಮೃಗ ಎಮ್ಮೆಯಲ್ಲ, ಬೆದರಿಯೇ ಸಾಯುವ ಪ್ರಾಣಿ, ಅದನ್ನು ಹಿಡಿದು ಸೂಜಿ ಚುಚ್ಚುವುದು ಸುಲಭವಲ್ಲ ಎಂಬುದು ನಿಜ. ಹಾಗಿದ್ದೂ, ಹುಲ್ಲು ಮೇಯುವ ಪ್ರಾಣಿಗಳನ್ನು ತಲೆಮಾರುಗಳಿಂದ ಸಾಕಿಬಂದ ಸೀಮೆಯಲ್ಲಿಯೇ ಇದನ್ನು ತಡೆಯುವುದು ಇಷ್ಟು ಕಷ್ಟವಾದರೆ, ಚಿಂಪಾಂಜಿಯಂಥ ಪ್ರಾಣಿಗೆ ಎಷ್ಟು ಸಿದ್ಧತೆ ಬೇಕು?

ಕಲಬುರಗಿಯಲ್ಲಿಯೂ ಒಂದು ಕಿರು ಮೃಗಾಲಯವಿದೆ. ಅದನ್ನು ನಗರದ ಹೊರಗಿನ ವಿಶಾಲ ಜಾಗಕ್ಕೆ ಒಯ್ಯುವ ಮಾತು ವರ್ಷಗಳಿಂದ ಕೇಳಿಬಂದಿದೆ. ಜಿಲ್ಲೆಯ ಕಾಡೆಲ್ಲ ಬಹುಪಾಲು ಚಿಂಚೋಳಿಯ ಕಡೆಗಿದೆ. ಆಳಂದ, ಅಫಜಲಪುರ, ಜೇವರ್ಗಿಗಳು ತೊಗರಿ, ಜೋಳ, ಕಬ್ಬಿನ ಬಯಲು. ಇಲ್ಲಿ ಮಂಗಗಳ ಕಾಟ ಹೆಚ್ಚಿದರೆ ಹಿಡಿಯುವವರನ್ನು ಕರೆಸಿ ಬೋನಿನಲ್ಲಿ ತುಂಬಿ ದೂರ ಬಿಟ್ಟು ಬರುತ್ತಾರೆ. ದೂರವೆಂದರೆ ಇನ್ನೊಂದು ಊರು. ಗುಂಪು ಒಡೆಯುತ್ತದೆ, ತಾಯಿ ಒಂದೆಡೆ, ಮರಿ ಒಂದೆಡೆ ಆಗುತ್ತವೆ. ಗಾಯಗೊಂಡ ಮಂಗ, ಬಾವಿಗೆ ಬಿದ್ದ ನರಿ, ಭೀಮಾ ನದಿಯ ದಂಡೆಗೆ ಬಂದ ಮೊಸಳೆ: ಇವುಗಳ ಹತ್ತಿರಕ್ಕೆ ಬರಬಲ್ಲ ವನ್ಯಜೀವಿ ವೈದ್ಯರು ಈ ಮೂರು ತಾಲ್ಲೂಕುಗಳ ರೈತನಿಗೆ ಸುಲಭವಾಗಿ ದೊರೆಯಬೇಕು. ಕಲಬುರಗಿಯ ಹೊಸ ಮೃಗಾಲಯದ ಜಾಗದಲ್ಲಿ ಮೊದಲು ಕಟ್ಟಬೇಕಾದದ್ದು ಹುಲಿಯ ಆವರಣವನ್ನಲ್ಲ. ಪ್ರದರ್ಶನವಿಲ್ಲದ, ವೈದ್ಯರಿರುವ, ನಮ್ಮದೇ ಸೀಮೆಯ ಪ್ರಾಣಿಗಳ ರಕ್ಷಣಾ ಘಟಕವನ್ನು.

ಚಿಂಪಾಂಜಿಗಳ ವಿಷಯದಲ್ಲಿ ಸರ್ಕಾರವನ್ನೂ ಮೃಗಾಲಯ ಪ್ರಾಧಿಕಾರವನ್ನೂ ನಾವು ಕೇಳಬೇಕಾದುದು ಮೂರು ಮಾತು. ಒಂದು, ದೀರ್ಘಾಯುಷಿ ಪ್ರಾಣಿಯನ್ನು ತರುವ ಮುನ್ನ ಅದರ ಇಡೀ ಆಯುಷ್ಯದ ಆರೈಕೆಗೆ ಬೇಕಾದ ಹಣವನ್ನು ಬೇರೆಯಾಗಿ ಠೇವಣಿ ಇಡಲಿ. ಆ ಹಣ ಟಿಕೆಟ್ ಮಾರಾಟದ ಮೇಲೆ ಅವಲಂಬಿತವಾಗದಿರಲಿ. ಎರಡು, ಪ್ರಾಣಿಪಾಲಕರ ಕೆಲಸವನ್ನು ದಿನಗೂಲಿಯ ಮಟ್ಟದಲ್ಲಿ ಇಡದೆ, ತರಬೇತಿ ಮತ್ತು ಭದ್ರತೆಯುಳ್ಳ ವೃತ್ತಿಯಾಗಿಸಲಿ. ಚಿಂಪಾಂಜಿ ತನ್ನ ಪಾಲಕನನ್ನು ಮುಖದಿಂದ, ದನಿಯಿಂದ ಗುರುತಿಸುತ್ತದೆ. ಗುತ್ತಿಗೆ ಮುಗಿಯಿತೆಂದು ವರ್ಷಕ್ಕೊಮ್ಮೆ ಪಾಲಕ ಬದಲಾದರೆ ಅದಕ್ಕೆ ಅದು ವರ್ಷಕ್ಕೊಂದು ಅಗಲಿಕೆ. ಮೂರು, ಯಾವ ಪ್ರಾಣಿ ಬಂತು ಎಂದು ಪ್ರಕಟಿಸುವಂತೆಯೇ, ಪ್ರತಿ ವರ್ಷ ಯಾವುದು ಹೇಗಿದೆ, ಯಾವುದು ಏಕೆ ಸತ್ತಿತು ಎಂಬುದನ್ನೂ ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಪ್ರಕಟಿಸಲಿ.

ಇದೆಲ್ಲ ದುಬಾರಿಯಲ್ಲವೇ, ಮನುಷ್ಯರಿಗೇ ಆಸ್ಪತ್ರೆಗಳಿಲ್ಲದ ಸೀಮೆಯಲ್ಲಿ ಕರಡಿಗೆ ಗಂಜಿ ಏಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹಿಂದುಳಿದ ಸೀಮೆಯಿಂದ ಬಂದ ನಾನು ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾರೆ. ನನ್ನ ಉತ್ತರ ಇಷ್ಟೇ: ಕಾಡಿನಲ್ಲಿರುವ ಕರಡಿ ನಮ್ಮಿಂದ ಏನನ್ನೂ ಕೇಳುವುದಿಲ್ಲ. ಹಲ್ಲು ಮುರಿದು, ಮೂತಿ ಚುಚ್ಚಿ ನಾವು ತಂದ ಕರಡಿ ಮಾತ್ರ ಕೇಳುತ್ತದೆ. ವಿಮಾನದಲ್ಲಿ ತರುವ ಚಿಂಪಾಂಜಿಯೂ ಕೇಳುತ್ತದೆ. ಅದನ್ನು ದಯೆ ಎನ್ನುವುದಕ್ಕಿಂತ ಸಾಲ ಎನ್ನುವುದು ಸರಿ. ತೀರಿಸಲಾಗದ ಸಾಲವನ್ನು ಮಾಡದಿರುವುದು ಬಡವನಿಗೂ ಗೊತ್ತಿರುವ ವಿವೇಕ. ತೀರಿಸುವ ಮನಸ್ಸಿಲ್ಲದಿದ್ದರೆ ತರದೇ ಇರೋಣ.

ಸೋದರಳಿಯನಿಗೆ ಬರಬೇಡವೆಂದು ನಾನು ಹೇಳಲಿಲ್ಲ. ‘ಬಾರಪಾ, ಹುಡುಗರಿಗಿ ಕರ್ಕೊಂಡು ಬಾ’ ಎಂದೆ. ಬಂದಾಗ ಅವರಿಗೆ ಮೊದಲು ಹೇಳಬೇಕೆಂದಿರುವುದು ಚಿಂಪಾಂಜಿಯ ಕಥೆಯನ್ನಲ್ಲ. ಅವರ ಮುತ್ತಜ್ಜಿ ಒಬ್ಬ ಹೆದರುಪುಕ್ಕಲ ಹುಡುಗನನ್ನು ಕೂರಿಸಿದ್ದ ಕರಡಿಯ ಕಥೆಯನ್ನು. ಆ ಕರಡಿ ಕೊನೆಗೆ ಎಲ್ಲಿ ಸತ್ತಿತೋ ನನಗೆ ತಿಳಿಯದು. ಅದಕ್ಕೆ ಬಿಡುಗಡೆಯ ದಿನವೂ ಬರಲಿಲ್ಲ, ಮರುದಿನವೂ ಬರಲಿಲ್ಲ.